ದಾವಣಗೆರೆಯಿಂದ ಅಳಿವೆಗೆ: ಮೊದಲ ರಾಡು, ರೀಲು ಯಾವುದು ತಗೊಳ್ಳಲಿ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಭದ್ರಾ ನಾಲೆ, ದೇವರಬೆಳಕೆರೆ ಪಿಕಪ್ ಅಣೆಕಟ್ಟು, ಹರಿಹರದ ಹೊಳೆ, ಇಷ್ಟರಲ್ಲೇ ಗಾಳ ಹಾಕಿ ಬೆಳೆದವನು ನಾನು. ಬಿದಿರು ಕೋಲು, ಬೆಂಡು, ಎರೆಹುಳ. ಜಿಲೇಬಿ ಬಿದ್ದರೆ ಖುಷಿ, ಕೊರವ ಬಿದ್ದರೆ ಹಬ್ಬ.

ಈಗ ಅಕ್ಕನ ಮನೆಯವರು ಕುಂದಾಪುರದಲ್ಲಿ ನೆಲೆಸಿದ್ದಾರೆ. ದಸರಾ ರಜೆಗೆ ಹೋಗುತ್ತೇನೆ, ಆಮೇಲೂ ಆಗಾಗ ಹೋಗುವುದು ಇದ್ದೇ ಇದೆ. ಬಾವನಿಗೆ ಮೀನು ತಿನ್ನೋದು ಗೊತ್ತು, ಹಿಡಿಯೋದು ಗೊತ್ತಿಲ್ಲ. ಹಾಗಾಗಿ ಇಲ್ಲೇ ಕೇಳುತ್ತಿದ್ದೇನೆ.

ಬಜೆಟ್ 6 ಸಾವಿರ. ಎಳೆದರೆ 7. ಆನ್‌ಲೈನಲ್ಲಿ ನೋಡಿದರೆ ತಲೆ ಕೆಡುತ್ತದೆ. ಒಂದು ಕಡೆ ಮಡಚುವ ರಾಡು, ರೀಲು, ದಾರ, ಗಾಳ, ಬಣ್ಣಬಣ್ಣದ ರಬ್ಬರ್ ಮೀನು ಎಲ್ಲ ಒಂದೇ ಬ್ಯಾಗಲ್ಲಿ ತುಂಬಿ 1,500ಕ್ಕೆ ಕೊಡುತ್ತಾರೆ. ಇನ್ನೊಂದು ಕಡೆ, 12 ಅಡಿ ಸರ್ಫ್ ರಾಡು (ಬೀಚಿನಿಂದ ದೂರ ಎಸೆಯುವ ಉದ್ದ ರಾಡು) ಇಲ್ಲದಿದ್ದರೆ ಸಮುದ್ರದ ಕಡೆ ತಲೆ ಹಾಕಬೇಡ ಅನ್ನುತ್ತಾರೆ. ಯಾರನ್ನು ನಂಬಲಿ?

ಹೊಳೆದಂಡೆ:
ಇಬ್ಬರನ್ನೂ ನಂಬಬೇಡಿ.

ಆ ಮಡಚುವ ರಾಡು ಬಸ್ಸಿಗೆ ಹತ್ತಿಸಲು ಚೆನ್ನ, ಅಷ್ಟೇ. ಒಂದರೊಳಗೆ ಒಂದು ಕೂರುವ ಕೊಳವೆಗಳು. ಮರಳು ಹೊಕ್ಕರೆ ಒಂದೋ ಹೊರಗೆ ಬರಲ್ಲ, ಇಲ್ಲ ಒಳಗೆ ಹೋಗಲ್ಲ. ದಾರ ಹಾಯುವ ಉಂಗುರಗಳು ಎಸೆತದ ಮಧ್ಯೆ ತಿರುಗಿ ಅಡ್ಡಡ್ಡ ನಿಲ್ಲುತ್ತವೆ. ಒಳ್ಳೆಯ ಮಡಚುವ ರಾಡುಗಳೂ ಇವೆ, ಆದರೆ ಆ ಬ್ಯಾಗಿನ ಬೆಲೆಗೆ ಬರುವುದಿಲ್ಲ. ಜೊತೆಗೆ ಬರುವ ರೀಲು ನಾಲೆಯಲ್ಲಿ ನಾಲ್ಕು ದಿನ ಓಡೀತು. ಉಪ್ಪುನೀರಲ್ಲಿ ಅದರ ಕಥೆ ಬೇಗ ಮುಗಿಯುತ್ತದೆ.

ಎರಡು ತುಂಡಿನ ರಾಡು ತಗೊಳ್ಳಿ.

ಅಳಿವೆ ಬಾಗಿಲು:
ನನ್ನ ಊರು ಗಂಗೊಳ್ಳಿ ಕಡೆ, ಹೊಟ್ಟೆಪಾಡು ದಾವಣಗೆರೆಯಲ್ಲಿ. ಎರಡೂ ನೀರು ಗೊತ್ತಿರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾಡು ಯಾವುದು ಅನ್ನೋದಕ್ಕಿಂತ ಮೊದಲು ಎಲ್ಲಿ ನಿಲ್ಲುತ್ತೀರಿ ಅನ್ನೋದು ತೀರ್ಮಾನ ಆಗಲಿ. ಹೊಸಬರು ಸಮುದ್ರ ಅಂದ ಕೂಡಲೇ ಬೀಚಿಗೆ ಹೋಗಿ ಅಲೆಗೆ ಎದುರಾಗಿ ನಿಲ್ಲುತ್ತಾರೆ. ಅಲ್ಲಿ ನೀರು ಓದುವುದು ಕಷ್ಟ, ಗಾಳಿ ಜಾಸ್ತಿ, ಸಾಮಾನೂ ಭಾರ. ನಿಮ್ಮ ಪುಣ್ಯಕ್ಕೆ ಕುಂದಾಪುರದಲ್ಲಿ ಅಳಿವೆ ಇದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಕೂಡಿ ಸಮುದ್ರ ಸೇರುವ ಜಾಗ. ಒಳಗಿನ ನೀರಲ್ಲಿ ಅಲೆ ಇಲ್ಲ. ಸೇತುವೆ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಕಲ್ಲು ಕಟ್ಟಿದ ದಂಡೆ, ಮೀನು ಇರುವುದು ಇವುಗಳ ಬುಡದಲ್ಲಿ. 100 ಮೀಟರ್ ಎಸೆಯುವ ಅಗತ್ಯವೇ ಇಲ್ಲ. ಎಷ್ಟೋ ಸಲ ದಂಡೆಯಿಂದ ಹದಿನೈದು ಇಪ್ಪತ್ತು ಮೀಟರ್ ಸಾಕು.

ಅದಕ್ಕೆ ಬೇಕಾದ ರಾಡು 8ರಿಂದ 9 ಅಡಿ, ಎರಡು ತುಂಡಿನ ಸ್ಪಿನ್ನಿಂಗ್ ರಾಡು. ಮೀಡಿಯಂ ಅಥವಾ ಮೀಡಿಯಂ ಹೆವಿ. ಹಿಡಿಕೆಯ ಮೇಲ್ಗಡೆ 15-40 ಗ್ರಾಂ ಅಂತಲೋ 10-30 ಅಂತಲೋ ಬರೆದಿರುತ್ತದೆ. ಅದು ಆ ರಾಡಿನಲ್ಲಿ ಎಸೆಯಬಹುದಾದ ತೂಕ. ಹಿಡಿಯಬಹುದಾದ ಮೀನಿನ ತೂಕ ಅಂತ ಅಂಗಡಿಯವರೇ ಹೇಳಿದ್ದನ್ನು ಕೇಳಿದ್ದೇನೆ! 40 ಗ್ರಾಂ ರಾಡಿಗೆ 100 ಗ್ರಾಂ ಸೀಸ ಕಟ್ಟಿ ಬೀಸಿದರೆ ರಾಡು ಮುರಿಯಬಹುದು. ಆದರೆ ಅದೇ ರಾಡು, ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ರೀಲು ದಾರ ಬಿಟ್ಟುಕೊಡುವ ವ್ಯವಸ್ಥೆ) ಸರಿ ಇಟ್ಟುಕೊಂಡರೆ ನಾಲ್ಕೈದು ಕಿಲೋ ಮೀನನ್ನು ಆರಾಮವಾಗಿ ದಣಿಸುತ್ತದೆ.

ಪೂರ್ತಿ ಕಾರ್ಬನ್ ರಾಡು ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ಗೊತ್ತಾಗುತ್ತದೆ, ಆದರೆ ಕಲ್ಲಿಗೆ ಬಡಿದರೆ ಹೋಯಿತು. ಫೈಬರ್ ಗ್ಲಾಸ್ ಬೆರೆತದ್ದು ಸ್ವಲ್ಪ ಭಾರ, ಏಟು ತಡೆಯುತ್ತದೆ. ಮೊದಲ ರಾಡಿಗೆ ನಾನು ಬೆರೆತದ್ದನ್ನೇ ಹೇಳುವವನು. ಉಂಗುರಗಳ ಒಳಗೆ ಸೆರಾಮಿಕ್ ಇದೆಯಾ, ಲೋಹದ ಚೌಕಟ್ಟು ತುಕ್ಕು ಹಿಡಿಯದ ಜಾತಿಯದಾ ನೋಡಿ.

ರೀಲು 4000 ಸೈಜು. 3000 ಆದರೂ ನಡೆಯುತ್ತದೆ. 6000ದ ದೊಡ್ಡ ರೀಲು ಈ ರಾಡಿಗೆ ತೂಗುವುದಿಲ್ಲ, ಸಂಜೆಗೆ ಮಣಿಕಟ್ಟು ನೋವು. ಡಬ್ಬದ ಮೇಲೆ 12+1 ಬೇರಿಂಗ್ ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಮರುಳಾಗಬೇಡಿ. ಉಪ್ಪಿಗೆ ಮೊದಲು ಬಲಿಯಾಗುವುದೇ ಕಳಪೆ ಬೇರಿಂಗು. ನಾಲ್ಕೇ ಇದ್ದರೂ ಒಳ್ಳೆಯದಿದ್ದರೆ ಸಾಕು. ಶಿಮಾನೊ, ದೈವಾ, ಪೆನ್, ಒಕುಮಾ ಇವುಗಳ ಕೆಳಮಟ್ಟದ ಮಾದರಿಗಳೇ ಹೊಸಬರಿಗೆ ಧಾರಾಳ. 6 ಸಾವಿರದಲ್ಲಿ ಅರ್ಧ ರೀಲಿಗೆ ಹೋಗಲಿ. ರಾಡಿಗೆ ಅದಕ್ಕಿಂತ ಕಡಿಮೆ. ಉಳಿದದ್ದು ದಾರ, ಗಾಳ, ಸೀಸ.

ಕೋಟೆನಾಡು:
ಚಿತ್ರದುರ್ಗದಿಂದ. ಇದಕ್ಕೆ ನನ್ನ ತಕರಾರಿದೆ. ಘಟ್ಟ ಇಳಿದು ಅಷ್ಟು ದೂರ ಹೋಗಿ ಮತ್ತೆ ಹೊಳೆಯಲ್ಲೇ ಗಾಳ ಹಾಕುವುದಾದರೆ ಹರಿಹರ ಏನು ತಪ್ಪು ಮಾಡಿತ್ತು? ನಾವು ಹೋಗುವುದೇ ಸಮುದ್ರಕ್ಕೆ. ಬೀಚಲ್ಲಿ ಅಲೆ ಒಡೆಯುವ ಸಾಲಿನ ಆಚೆ ಬೀಳಬೇಕು ಅಂದರೆ 8 ಅಡಿ ರಾಡು ಸಾಲದು. 12 ಅಡಿ, 100 ಗ್ರಾಂ ಸೀಸ, 6000 ರೀಲು. ನಾನು ಹೊನ್ನಾವರದ ಕಡೆ ಅದರಲ್ಲೇ ಹಿಡಿಯುವುದು.

ಅಳಿವೆ ಬಾಗಿಲು:
ಸರ್, ನಿಮಗೆ ಅದು ಒಪ್ಪುತ್ತದೆ, ಬೇಡ ಅಂದವರಾರು? ಆದರೆ ಇವರು ಬಿದಿರು ಕೋಲಿಂದ ನೇರ ಬರುತ್ತಿದ್ದಾರೆ. ರೀಲಿನಿಂದ ಎಸೆದು ಗೊತ್ತಿಲ್ಲದವರ ಕೈಗೆ 12 ಅಡಿ ಕೊಟ್ಟರೆ ಹಿಂದೆ ನಿಂತವರ ಗತಿ ಏನು?

ಇನ್ನೊಂದು ಮಾತು. ಅಲೆಯ ಆಚೆ ಬಿದ್ದರೇ ಮೀನು ಅನ್ನೋದು ಪೂರ್ತಿ ನಿಜ ಅಲ್ಲ. ಕಾಣೆ ಮೀನು ಮರಳು ತಳದಲ್ಲಿ, ಎಷ್ಟೋ ಸಲ ಮೊಣಕಾಲುದ್ದ ನೀರಿಗೇ ಬರುತ್ತದೆ. ಅದರ ತಲೆ ಮೇಲಿಂದ 80 ಮೀಟರ್ ಆಚೆ ಎಸೆದು ಕಾಯುತ್ತಾ ಕೂತವರನ್ನು ದಿನಾ ನೋಡಬಹುದು.

ಶಾಂತವಾದ ದಿನ 9 ಅಡಿ ರಾಡಿನಲ್ಲೇ 30 ಗ್ರಾಂ ಕಟ್ಟಿ ಬೀಚಲ್ಲೂ ಹಾಕಬಹುದು. ಸರ್ಫ್ ರಾಡನ್ನು ಕಾಂಡ್ಲಾ ಮರದಡಿ ಬೀಸಲು ಆಗಲ್ಲ. ಒಂದೇ ರಾಡು ಕೊಳ್ಳುವವರಿಗೆ ಇದೇ ಲೆಕ್ಕ.

ಕೋಟೆನಾಡು:
ಹ್ಞೂಂ. ಒಂದೇ ರಾಡು ಅಂದರೆ ಒಪ್ಪಿದೆ. ಎರಡನೆಯದು ತಗೊಳ್ಳುವಾಗ ನನ್ನನ್ನು ಕೇಳಿ.

ಶರಾವತಿ ತೀರದಾಕೆ:
ನೀವೆಲ್ಲ ಸಾವಿರಗಟ್ಟಲೆ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಕಾಸರಕೋಡು ಕಡೆ ಹುಡುಗರು ಪ್ಲಾಸ್ಟಿಕ್ ಬಾಟಲಿಗೆ ನೈಲಾನ್ ದಾರ ಸುತ್ತಿ, ತುದಿಗೆ ಒಂದು ಸೀಸ, ಒಂದು ಗಾಳ ಕಟ್ಟಿ ನಿಲ್ಲುತ್ತಾರೆ. ಕೈಗಾಳ. 200 ರೂಪಾಯಿಯೂ ಆಗಲ್ಲ. ಮೀನು ಮುಟ್ಟಿದ್ದು ಬೆರಳಿಗೇ ಗೊತ್ತಾಗುತ್ತದೆ, ಯಾವ ಕಾರ್ಬನ್ನೂ ಬೇಡ. ತಮ್ಮಾ, ನೀವು ರಾಡು ಕೊಳ್ಳಿ, ಬೇಡ ಅನ್ನಲ್ಲ. ಬ್ಯಾಗಲ್ಲಿ ಒಂದು ಕೈಗಾಳವೂ ಇರಲಿ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ದೊಡ್ಡದು ಎಳೆದರೆ ದಾರ ಚರ್ಮ ಕುಯ್ಯುತ್ತದೆ. ದಾರವನ್ನು ಕೈಗೆ ಮಾತ್ರ ಸುತ್ತಿಕೊಳ್ಳಲೇಬೇಡಿ.

ಬೆಣ್ಣೆನಗರಿ:
ಅಕ್ಕ, ಇದು ನನಗೆ ತುಂಬಾ ಹಿಡಿಸಿತು. ಬಾವನಿಗೆ ಕೈಗಾಳ ಕೊಟ್ಟು ಕೂರಿಸುತ್ತೇನೆ.

ಈಗ ದಾರದ ಪ್ರಶ್ನೆ. ಬ್ರೇಡ್ ಅಂತಾರೆ, ಮೊನೊ ಅಂತಾರೆ, ಲೀಡರ್ ಅಂತಾರೆ. ನಾಲೆಯಲ್ಲಿ ನಮಗೆ ಒಂದೇ ನೈಲಾನ್ ದಾರ ಗೊತ್ತು.

ರೀಲ್ ರಿಪೇರಿ:
ಬ್ರೇಡ್ ಹಾಕಿ. ಹೆಣೆದ ದಾರ, ತೆಳ್ಳಗೆ, ಎಳೆತ ಇಲ್ಲ. 20 ಪೌಂಡಿನದು, ಅಂದರೆ ಸುಮಾರು 9 ಕಿಲೋ ತಡೆಯುವುದು, ಮೊನೊ (ಒಂದೇ ಎಳೆಯ ನೈಲಾನ್) ದಾರದ ಅರ್ಧ ದಪ್ಪ ಇರುತ್ತದೆ. ದೂರ ಹೋಗುತ್ತದೆ. ಮೀನು ಮೂತಿ ತಾಗಿಸಿದರೂ ಗೊತ್ತಾಗುತ್ತದೆ. ಒಂದು ಎಚ್ಚರ. ಬ್ರೇಡನ್ನು ನೇರ ಸ್ಪೂಲಿಗೆ (ರೀಲಿನಲ್ಲಿ ದಾರ ಸುತ್ತುವ ಭಾಗ) ಸುತ್ತಿದರೆ ಜಾರಿ ಗಿರಗಿರ ತಿರುಗುತ್ತದೆ. ಆಗ ಡ್ರ್ಯಾಗ್ ಕೆಟ್ಟಿದೆ ಅಂತ ನನ್ನ ಹತ್ತಿರ ರಿಪೇರಿಗೆ ತರುತ್ತಾರೆ. ಅಡಿಗೆ ಸ್ವಲ್ಪ ಮೊನೊ ಸುತ್ತಿ ಅದಕ್ಕೆ ಗಂಟು ಹಾಕಿ.

ಹೊಳೆದಂಡೆ:
ಹೊಸಬರಿಗೆ ಬ್ರೇಡ್ ಬೇಡ ಅಂತ ನನ್ನ ವಾದ. ಸಮುದ್ರದ ಗಾಳಿಗೆ ದಾರ ಸಡಿಲ ಬಿದ್ದರೆ ಗಂಟೋ ಗಂಟು. ಬ್ರೇಡಿನ ಗಂಟು ಬಿಡಿಸಲು ಸೂಜಿ, ಕನ್ನಡಕ, ತಾಳ್ಮೆ ಮೂರೂ ಬೇಕು. ಕಲ್ಲಿಗೆ ಉಜ್ಜಿದರೆ ಪಟ್ಟನೆ ಹೋಗುತ್ತದೆ. ಮೊನೊ 0.35 ಮಿಲಿಮೀಟರ್ ತಗೊಳ್ಳಿ, ಅಗ್ಗ. ಹಾಳಾದರೆ ಕಿತ್ತು ಬೇರೆ ಸುತ್ತಬಹುದು. ಅದು ರಬ್ಬರಿನ ಹಾಗೆ ಸ್ವಲ್ಪ ಎಳೆಯುವುದರಿಂದ ನೀವು ಗಾಬರಿಯಲ್ಲಿ ಜಗ್ಗಿದರೂ ಮೀನಿನ ಬಾಯಿ ಹರಿಯಲ್ಲ.

ರೀಲ್ ರಿಪೇರಿ:
ಗಂಟು ಬೀಳುವುದು ದಾರದ ತಪ್ಪಲ್ಲ, ಸುತ್ತುವ ಕೈಯ ತಪ್ಪು. ಎಸೆದ ಮೇಲೆ ಹ್ಯಾಂಡಲ್ ತಿರುಗಿಸಿ ಬೇಲ್ (ರೀಲಿನ ಮೇಲಿನ ತಂತಿ ಬಳೆ) ಮುಚ್ಚಬೇಡಿ, ಕೈಯಲ್ಲೇ ಮುಚ್ಚಿ. ಆಮೇಲೆ ದಾರವನ್ನು ಒಮ್ಮೆ ಬಿಗಿ ಎಳೆದು ಸುತ್ತಲು ಶುರು ಮಾಡಿ. ಇಷ್ಟಕ್ಕೇ ಮುಕ್ಕಾಲು ಪಾಲು ಗಂಟು ನಿಲ್ಲುತ್ತದೆ. ಸ್ಪೂಲನ್ನು ಅಂಚಿನವರೆಗೆ ತುಂಬಿಸಬಾರದು, ಎರಡು ಮೂರು ಮಿಲಿಮೀಟರ್ ಬಿಡಬೇಕು. ಇದು ಮೊನೊಗೂ ಬ್ರೇಡಿಗೂ ಒಂದೇ.

ಅಳಿವೆ ಬಾಗಿಲು:
ಇಬ್ಬರ ಮಾತೂ ಸರಿ, ಆದರೆ ಮೊದಲ ಸೀಸನ್ನಿಗೆ ನನ್ನ ಓಟು ಮೊನೊಗೆ. ಕೈ ಕುದುರಿದ ಮೇಲೆ ಅದೇ ರೀಲಿಗೆ ಬ್ರೇಡ್ ಹಾಕಿಕೊಳ್ಳಲಿ.

ಲೀಡರ್ ಮಾತ್ರ ಯಾವ ದಾರಕ್ಕಾದರೂ ಬೇಕೇ ಬೇಕು. ಗಾಳದ ಹತ್ತಿರ ಅರ್ಧ ಮೀಟರ್, ಒಂದು ಮೀಟರ್ ದಪ್ಪ ದಾರ, 30-40 ಪೌಂಡಿನದು. ನಿಮ್ಮ ಕೆರೆಯ ಜಿಲೇಬಿಗೆ ಇದು ಬೇಡ. ಅಳಿವೆಯಲ್ಲಿ ಕೆಂಬೇರಿ ಇದೆ, ಗಾಳ ಕಚ್ಚಿದ ಮರುಕ್ಷಣ ಕಲ್ಲಿನ ಸಂದಿಗೋ ಬೇರಿನ ಬುಡಕ್ಕೋ ನುಗ್ಗುತ್ತದೆ. ಕುರುಡಿ ಇದೆ, ಹೋಟೆಲಿನವರು ಸೀ ಬಾಸ್ ಅನ್ನುವುದು ಅದಕ್ಕೇ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡು, ತೆಳು ದಾರ ತಾಗಿದರೆ ಕತ್ತರಿಸಿ ಹೋಗುತ್ತದೆ. ಲೀಡರ್ ಇರುವುದು ಇವಕ್ಕಾಗಿ.

ಗಂಟು ಎರಡು ಕಲಿತರೆ ಸಾಕು. ಗಾಳಕ್ಕೂ, ದಾರ ತಿರುಚದಂತೆ ತಿರುಗುವ ಕೊಂಡಿಯಾದ ಸ್ವಿವೆಲ್‌ಗೂ ಯೂನಿ ಗಂಟು. ದಾರಕ್ಕೆ ದಾರ ಸೇರಿಸಲು ಡಬಲ್ ಯೂನಿ. ಬಿಗಿಯುವ ಮೊದಲು ಬಾಯಲ್ಲಿಟ್ಟು ಒದ್ದೆ ಮಾಡಿ. ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ದಾರದ ಶಕ್ತಿ ಕುಂದುತ್ತದೆ.

ಬೆಣ್ಣೆನಗರಿ:
ಗಾಳದ ನಂಬರ್ ಅರ್ಥ ಆಗಲಿಲ್ಲ. 6 ಅಂದರೆ 2ಕ್ಕಿಂತ ದೊಡ್ಡದಾ?

ಹೊಳೆದಂಡೆ:
ಉಲ್ಟಾ. 8, 6, 4, 2, 1 ಹೀಗೆ ನಂಬರ್ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ಆದ ಮೇಲೆ 1/0, 2/0, 3/0 ಅಂತ ಬರುತ್ತದೆ, ಅಲ್ಲಿಂದ ನಂಬರ್ ಏರಿದಂತೆ ದೊಡ್ಡದು. ಯಾರು ಮಾಡಿದ ಲೆಕ್ಕವೋ.

ಅಳಿವೆ ಬಾಗಿಲು:
ಕಾಣೆಗೆ ಬಾಯಿ ಚಿಕ್ಕದು, 6 ಅಥವಾ 8. ಕೆಂಬೇರಿಗೆ 1/0 ಇಂದ 3/0. ಎರಡೂ ಬಗೆ ಒಂದೊಂದು ಪಾಕೀಟು ಸಾಕು. ದೊಡ್ಡದರಲ್ಲಿ ಸರ್ಕಲ್ ಹುಕ್ ಸಿಕ್ಕರೆ ತಗೊಳ್ಳಿ. ತುದಿ ಒಳಕ್ಕೆ ಬಾಗಿರುತ್ತದೆ, ಹೆಚ್ಚಾಗಿ ತುಟಿಯ ಮೂಲೆಗೇ ಸಿಕ್ಕುತ್ತದೆ. ಆದರೆ ನಿಮ್ಮ ಬೆಂಡಿನ ಅಭ್ಯಾಸ ಬಿಡಬೇಕು. ಮುಳುಗಿತು ಅಂತ ಕೋಲು ಝಾಡಿಸಿ ಎತ್ತಿದರೆ ಸರ್ಕಲ್ ಹುಕ್ ಬಾಯಿಂದ ಜಾರಿ ಬರುತ್ತದೆ. ಭಾರ ಬಿದ್ದ ಮೇಲೆ ಸುಮ್ನೆ ಸುತ್ತುತ್ತಾ ಹೋಗಿ.

ಕಟ್ಟುವ ಕ್ರಮ ಸುಲಭ. ಮೊದಲು ದಾರಕ್ಕೆ ತೂತಿರುವ ಸೀಸದ ಗುಂಡು, ಅದರ ಹಿಂದೆ ಒಂದು ಮಣಿ, ಆಮೇಲೆ ಸ್ವಿವೆಲ್. ಸ್ವಿವೆಲ್ಲಿನ ಆಚೆ ಲೀಡರ್, ತುದಿಗೆ ಗಾಳ. ಮೀನು ಎರೆ ಹಿಡಿದು ಓಡಿದರೆ ದಾರ ಗುಂಡಿನೊಳಗಿಂದ ಜಾರುತ್ತದೆ, ಅದಕ್ಕೆ ಭಾರ ಗೊತ್ತಾಗಲ್ಲ. ಸೀಸ 15, 20, 30 ಗ್ರಾಂ ಮೂರೂ ಇರಲಿ. ಸೆಳೆತ ಎಷ್ಟಿದೆಯೋ ಅಷ್ಟು ಕಟ್ಟಿ, ತಳ ಹಿಡಿದರೆ ಸಾಕು.

ಮಂಡಕ್ಕಿ ಭಟ್ಟಿ:
ಎರೆ ಏನು ಹಾಕೋದು? ಇಲ್ಲಿ ನಾವು ತೌಡು, ಮಂಡಕ್ಕಿ ಪುಡಿ ಕಲಸಿ ಉಂಡೆ ಮಾಡುತ್ತೇವೆ. ರೋಹು, ಕಾಟ್ಲಾಕ್ಕೆ ಅದನ್ನು ಮೀರಿದ್ದಿಲ್ಲ. ಒಂದು ಡಬ್ಬ ಕಟ್ಟಿಕೊಡಲಾ?

ಶರಾವತಿ ತೀರದಾಕೆ:
ನಿಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕಿ ಕೊಡಿ ಅಣ್ಣಾ, ದಂಡೆಯಲ್ಲಿ ಕೂತು ತಿನ್ನಲಿ. ನಾವು ಹಿಡಿಯುವ ಕೆಂಬೇರಿ, ಕುರುಡಿ ಹಿಟ್ಟಿನ ಉಂಡೆ ಮೂಸುವ ಜಾತಿಯಲ್ಲ. ಬೆಳಿಗ್ಗೆ ಮೀನು ಪೇಟೆಗೆ ಹೋಗಿ ಚಿಕ್ಕ ಸಿಗಡಿ ತಗೊಳ್ಳಿ. ಬಂಗುಡೆಯನ್ನು ಉದ್ದುದ್ದ ಸೀಳಿ ಚರ್ಮ ಸಮೇತ ಪೋಣಿಸಬಹುದು. ಬೊಂಡಾಸ್ (ಸ್ಕ್ವಿಡ್) ಗಟ್ಟಿ, ಏಡಿಗಳು ಬೇಗ ಕಿತ್ತು ಮುಗಿಸಲ್ಲ. ಎಲ್ಲಕ್ಕಿಂತ ಜೀವಂತ ಸಿಗಡಿ ಮೇಲು, ಬಾಲದ ಹತ್ತಿರ ಚುಚ್ಚಬೇಕು.

ರಬ್ಬರ್ ಮೀನು, ಬಣ್ಣದ ಲೂರು (ಕೃತಕ ಎರೆ) ಅಂತ ಈಗಲೇ ದುಡ್ಡು ಸುರಿಯಬೇಡಿ. ಬೇಕಾದರೆ 20 ಗ್ರಾಮಿನ ಬಿಳಿ ಲೋಹದ ಜಿಗ್ (ಮೀನಿನಂತೆ ಕಾಣುವ ಲೋಹದ ತುಂಡು) ಒಂದು, 10 ಗ್ರಾಂ ಜಿಗ್ ಹೆಡ್ಡಿಗೆ (ಸೀಸದ ತಲೆಯ ಗಾಳ) ರಬ್ಬರ್ ಸಿಗಡಿ ಒಂದೆರಡು.

ಬೆಣ್ಣೆನಗರಿ:
ಮಂಡಕ್ಕಿ ಜೊತೆ ಮಿರ್ಚಿಯೂ ಇರಲಿ.

ಡ್ರ್ಯಾಗ್ ಅಂತ ಎಲ್ಲರೂ ಅನ್ನುತ್ತಿದ್ದೀರಿ. ಎಷ್ಟು ಬಿಗಿ ಮಾಡಬೇಕು?

ರೀಲ್ ರಿಪೇರಿ:
ದಾರದ ಶಕ್ತಿಯ ಮೂರನೇ ಒಂದು ಭಾಗ, ಅಥವಾ ಅದಕ್ಕಿಂತ ತುಸು ಕಡಿಮೆ. 8 ಕಿಲೋ ದಾರ ಇದ್ದರೆ ಎರಡರಿಂದ ಎರಡೂವರೆ ಕಿಲೋ ಎಳೆತಕ್ಕೆ ಸ್ಪೂಲ್ ಬಿಟ್ಟುಕೊಡಬೇಕು. ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ, ಗೊತ್ತಾಗುತ್ತದೆ.

ಹೋಗುವ ಮೊದಲು ಎಸೆಯುವುದನ್ನು ಇಲ್ಲೇ ಕಲಿಯಿರಿ. ಬೆಳಗ್ಗೆ ಬೇಗ ಹೈಸ್ಕೂಲ್ ಮೈದಾನಕ್ಕೆ ಹೋಗಿ. ಕ್ರಿಕೆಟ್ ಹುಡುಗರು ಬರುವ ಮೊದಲು. ಗಾಳ ಬೇಡ, ಬರೀ 20 ಗ್ರಾಂ ಸೀಸ ಕಟ್ಟಿ. ಒಂದು ಚಪ್ಪಲಿ ದೂರದಲ್ಲಿಟ್ಟು ಅದರ ಹತ್ತಿರ ಬೀಳಿಸಲು ನೋಡಿ. ಬಲ ಬೇಡ. ರಾಡು ಹಿಂದಕ್ಕೆ ಬಾಗಿದ್ದು ಮುಂದಕ್ಕೆ ಬಿಚ್ಚಿಕೊಳ್ಳುವಾಗ ಬೆರಳು ಬಿಡಬೇಕು. ತಡವಾದರೆ ಕಾಲ ಬುಡಕ್ಕೆ, ಬೇಗ ಬಿಟ್ಟರೆ ಆಕಾಶಕ್ಕೆ. ಮೇಲೆ ಕರೆಂಟ್ ತಂತಿ ಇರುವ ಕಡೆ ಬೇಡವೇ ಬೇಡ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಸಿಡಿಲು ಇದ್ದರೂ ರಾಡು ಕೆಳಗಿಡಿ.

ಕೋಟೆನಾಡು:
ಇದೇ ಸೆಟ್ಟಲ್ಲಿ ಊರಲ್ಲೂ ಗಾಳ ಹಾಕಬಹುದಲ್ವಾ? ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗಿನಿಂದ ನಮ್ಮ ಕಡೆ ಎಲ್ಲರಿಗೂ ಗಾಳದ ಹುಚ್ಚು.

ಹೊಳೆದಂಡೆ:
ಧಾರಾಳ. ಮೀಡಿಯಂ ರಾಡಿಗೆ ಕೊರವ, ಕಾಟ್ಲಾ ಎರಡೂ ಬರುತ್ತವೆ. ಆದರೆ ಕೆರೆಗಳ ಮೀನುಗಾರಿಕೆ ಗುತ್ತಿಗೆಗೋ ಸಹಕಾರ ಸಂಘಕ್ಕೋ ಕೊಟ್ಟಿರುತ್ತಾರೆ. ಸೂಳೆಕೆರೆ ಆಗಲಿ, ಯಾವ ಕೆರೆಯೇ ಆಗಲಿ, ಕೇಳಿ ಹಾಕಿ. ಜಗಳ ಬೇಡ.

ರೀಲ್ ರಿಪೇರಿ:
ಉಪ್ಪುನೀರಿಂದ ಬಂದ ರೀಲನ್ನು ಊರಿಗೆ ಬಂದು ತೊಳೆದರಾಯಿತು ಅಂತ ಬ್ಯಾಗಲ್ಲಿ ಹಾಕಿಕೊಂಡು ಬರುತ್ತಾರಲ್ಲ, ಅವರಿಂದಲೇ ನನ್ನ ಕೆಲಸ ನಡೆಯುತ್ತಿದೆ. ಅದೇ ದಿನ, ಅಕ್ಕನ ಮನೆಯ ನಲ್ಲಿಯಲ್ಲೇ ತೊಳೆಯಿರಿ. ಡ್ರ್ಯಾಗ್ ತಿರುಪು ಪೂರ್ತಿ ಬಿಗಿದು, ಸಣ್ಣಗೆ ಬೀಳುವ ಸಿಹಿನೀರು ಹಿಡಿಯಿರಿ. ಜೋರು ಪೈಪು ಹಿಡಿದರೆ ಉಪ್ಪು ಒಳಕ್ಕೆ ನುಗ್ಗುತ್ತದೆ. ಬಕೆಟ್ಟಲ್ಲಿ ಮುಳುಗಿಸುವುದೂ ಬೇಡ. ಒರೆಸಿ ನೆರಳಲ್ಲಿ ಒಣಗಿಸಿ. ಆಮೇಲೆ ಡ್ರ್ಯಾಗ್ ಸಡಿಲ ಬಿಡಿ. ದಾರ ಓಡುವ ಉರುಳೆ, ಹ್ಯಾಂಡಲ್ ಬುಡಕ್ಕೆ ಒಂದೊಂದು ಹನಿ ರೀಲ್ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗಾಲದಲ್ಲಿ ಗಟ್ಟಿಯಾಗಿ ಕೂರುತ್ತದೆ.

ರಾಡಿನ ಉಂಗುರಗಳನ್ನೂ ತೊಳೆಯಿರಿ. ಬಳಸಿದ ಗಾಳವನ್ನು ಹೊಸದರ ಡಬ್ಬಕ್ಕೆ ಹಾಕಬೇಡಿ, ಎಲ್ಲಕ್ಕೂ ತುಕ್ಕು ಹತ್ತುತ್ತದೆ.

ಮಂಡಕ್ಕಿ ಭಟ್ಟಿ:
ಬಸ್ಸಲ್ಲಿ ಒಯ್ಯಲು ಒಂದು ಉಪಾಯ. ತೋಟಕ್ಕೆ ಹಾಕುವ ಪಿವಿಸಿ ಪೈಪು, ಎರಡೂವರೆ ಇಂಚಿನದು, ಐದಡಿ ಕತ್ತರಿಸಿ ಎರಡೂ ಕಡೆ ಮುಚ್ಚಳ ಹಾಕಿ. ರಾಡಿನ ಎರಡೂ ತುಂಡು ಒಳಗೆ ಕೂರುತ್ತವೆ. ದೊಡ್ಡ ಉಂಗುರ ಹಿಡಿಸುತ್ತದಾ ಅಂತ ಮೊದಲು ಅಳತೆ ನೋಡಿಕೊಳ್ಳಿ. ಲಗೇಜಲ್ಲಿ ಯಾರು ಮೂಟೆ ಎಸೆದರೂ ಚಿಂತೆ ಇಲ್ಲ.

ಅಳಿವೆ ಬಾಗಿಲು:
ಸಾಮಾನಿನ ಮಾತು ಆಯಿತು, ನೀರಿನದು ಒಂದಿಷ್ಟು. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಕಡಿಮೆ. ಹೊಸಬರಿಗೆ ಭರತ ಏರುವ ಕೊನೆಯ ಎರಡು ಗಂಟೆ, ಇಳಿಯಲು ಶುರುವಾದ ಮೊದಲ ಗಂಟೆ ಒಳ್ಳೆಯದು. ಅಳಿವೆ ಬಾಯಿಯ ಹತ್ತಿರ ಇಳಿತದ ಹೊತ್ತಲ್ಲಿ ನೀರಿಗೆ ಇಳಿಯಲೇಬೇಡಿ. ಐದು ಹೊಳೆಯ ನೀರು ಒಂದೇ ಬಾಗಿಲಲ್ಲಿ ಹೊರಗೆ ನುಗ್ಗುತ್ತದೆ, ಈಜು ಬಂದರೂ ಉಪಯೋಗ ಇಲ್ಲ.

ಕೋಡಿಯ ಕಡೆ ಕಲ್ಲಿನ ತಡೆಗೋಡೆ ಮೇಲೆ ಪಾಚಿ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿ. ಹೋಗುವ ಮೊದಲು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಎತ್ತರದ ಅಲೆಯ ಎಚ್ಚರಿಕೆ ನೋಡಿ. ಮಳೆಗಾಲ ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ. ದಂಡೆಯಲ್ಲಿ ಗಾಳ ಹಾಕುವವರಿಗೆ ಆ ನಿಷೇಧ ಅಲ್ಲ, ಆದರೆ ಆಗಿನ ಸಮುದ್ರ ದಂಡೆಯವರನ್ನೂ ಬಿಡಲ್ಲ. ಕೆಂಪು ನೀರು ತಿಳಿಯಾಗುವ ದಸರಾದ ಹೊತ್ತು ನಿಮಗೆ ಸರಿಯಾಗಿದೆ.

ಶರಾವತಿ ತೀರದಾಕೆ:
ಹಿಡಿದ ಮೇಲಿನ ಮಾತು ಯಾರೂ ಹೇಳಲಿಲ್ಲ. ಬರಿಗೈಯಲ್ಲಿ ಎಲ್ಲವನ್ನೂ ಮುಟ್ಟಬೇಡಿ. ತೇಡೆ ಮೀನಿನ ಬೆನ್ನಲ್ಲೂ ಎರಡು ಪಕ್ಕದಲ್ಲೂ ಮುಳ್ಳು, ಚುಚ್ಚಿದರೆ ರಾತ್ರಿಯಿಡೀ ಉರಿ. ತೊರಕೆ ಮೀನಿನ ಬಾಲದಲ್ಲಿ ವಿಷದ ಮುಳ್ಳು. ಬಲೂನಿನಂತೆ ಉಬ್ಬುವ ಮೀನು ಬಂದರೆ ಗಾಳ ಬಿಡಿಸಿ ನೀರಿಗೆ ಬಿಡಿ. ಅದರ ವಿಷ ಬೇಯಿಸಿದರೂ ಹೋಗಲ್ಲ, ಬೆಕ್ಕಿಗೂ ಹಾಕಬೇಡಿ. ಉದ್ದ ಮೂತಿಯ ಇಕ್ಕಳ ಒಂದು ಕೊಳ್ಳಿ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರಲ್ಲಿ ಕೈ ಅದ್ದಿ ಇಟ್ಟುಕೊಂಡು, ಆಸ್ಪತ್ರೆಗೆ ಹೋಗಿ ತೋರಿಸಿ.

ಬೆಣ್ಣೆನಗರಿ:
ಕಾರ್ಟಿಗೆ ಹಾಕಿದ್ದು ಇದು: 8 ಅಡಿ 6 ಇಂಚಿನ ಎರಡು ತುಂಡಿನ ಮೀಡಿಯಂ ಹೆವಿ ರಾಡು, 15-40 ಗ್ರಾಂ. 4000 ರೀಲು, ಮುಂದೆ ಡ್ರ್ಯಾಗ್ ಇರುವುದು. 0.35 ಮೊನೊ 300 ಮೀಟರ್. 40 ಪೌಂಡ್ ಲೀಡರ್. 6ರ ಗಾಳ, 2/0 ಸರ್ಕಲ್. ಸೀಸ, ಮಣಿ, ಸ್ವಿವೆಲ್, ಇಕ್ಕಳ. ಒಟ್ಟು 6,300 ಚಿಲ್ಲರೆ. ಒಂದು ಲೋಹದ ಜಿಗ್ ಸೇರಿಸಿದರೆ ಆರೂವರೆ. ಬಾವನ ಕೈಗಾಳದ ಖರ್ಚು ಬಾವನದೇ.

ರೀಲ್ ರಿಪೇರಿ:
ಆ ರೀಲಿಗೆ ಇನ್ನೊಂದು ಸ್ಪೂಲ್ ಡಬ್ಬದಲ್ಲೇ ಬರುತ್ತದಾ ನೋಡಿ. ಬಂದರೆ ಮುಂದೆ ಬ್ರೇಡಿಗೆ ಆಗುತ್ತದೆ.

ಕೋಟೆನಾಡು:
40 ಪೌಂಡ್ ಲೀಡರಿಗೆ 6ರ ಗಾಳದ ಕಣ್ಣು ಸಣ್ಣದಾಗುತ್ತದೆ, ದಾರ ತೂರುವುದೇ ಕಷ್ಟ. ಕಾಣೆಗೆ 12 ಪೌಂಡಿನ ತೆಳು ಲೀಡರ್ ಬೇರೆ ತಗೊಳ್ಳಿ. ನೂರು ರೂಪಾಯಿ ಚಿಲ್ಲರೆ ಆಗಬಹುದು.

ಬೆಣ್ಣೆನಗರಿ:
ಸೇರಿಸಿದೆ ಸರ್.